ಕೈಯಲ್ಲಿ ಕೊಟ್ಟ ಕಾಗದಕ್ಕೆ ಸ್ವೀಕೃತಿ ಇಲ್ಲದಿದ್ದರೆ: ಕಾರು ವಿಮೆಯ ಹಣಕ್ಕಾಗಿ ಐದು ತಿಂಗಳು ಅಲೆದ ಅನುಭವ

ಕಲಬುರಗಿಯಲ್ಲಿ ಕಾರು ಇಟ್ಟುಕೊಂಡಿರುವ, ವರ್ಷಕ್ಕೊಮ್ಮೆ ವಿಮೆಯ ಕಂತು ಕಟ್ಟಿ ನಿಶ್ಚಿಂತರಾಗಿರುವ ಎಲ್ಲರೂ ಇದನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ನನಗೆ ಆದ ತೊಂದರೆಯಲ್ಲಿ ವಿಮಾ ಕಂಪನಿಯ ಪಾಲು ಎಷ್ಟಿದೆಯೋ, ತಿಳಿಯದೆ ನಾನು ಮಾಡಿದ ತಪ್ಪುಗಳ ಪಾಲೂ ಬಹುಮಟ್ಟಿಗೆ ಅಷ್ಟೇ ಇದೆ. ಆದ್ದರಿಂದ ಎರಡನ್ನೂ ಮುಚ್ಚಿಡದೆ ಬರೆಯುತ್ತಿದ್ದೇನೆ.

2025ರ ಜನವರಿಯಲ್ಲಿ ಒಂದು ರಾತ್ರಿ ಆಳಂದದ ಕಡೆಯಿಂದ ಊರಿಗೆ ಮರಳುತ್ತಿದ್ದಾಗ, ಹಿಂದೆ ದೀಪವಾಗಲಿ ಹೊಳೆಯುವ ಪಟ್ಟಿಯಾಗಲಿ ಇಲ್ಲದೆ ರಸ್ತೆಯಲ್ಲಿ ನಿಂತಿದ್ದ ಕಬ್ಬಿನ ಟ್ರ್ಯಾಕ್ಟರ್ ಟ್ರಾಲಿಗೆ ನನ್ನ ಕಾರು ಬಡಿಯಿತು. ದೇವರ ದಯೆಯಿಂದ ಯಾರಿಗೂ ಗಾಯವಾಗಲಿಲ್ಲ. ಬಂಪರ್, ಬಾನೆಟ್, ರೇಡಿಯೇಟರ್, ಎರಡೂ ಹೆಡ್‌ಲೈಟ್ ಹಾಳಾದವು. ಮರುದಿನವೇ ಕಂಪನಿಗೆ ಫೋನ್ ಮಾಡಿ ಕ್ಲೇಮ್ ಸಂಖ್ಯೆ ಪಡೆದೆ. ಮೂರನೆಯ ದಿನ ವರ್ಕ್‌ಶಾಪಿಗೆ ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು ಫೋಟೋ ತೆಗೆದುಕೊಂಡು ಹೋದರು. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆದಿತ್ತು.

ಫೆಬ್ರವರಿ ಕೊನೆಯ ವಾರ ಗಾಡಿ ಸಿದ್ಧವಾಯಿತೆಂದು ಕರೆ ಬಂತು. ಹೋಗಿ ನೋಡಿದರೆ, ಕ್ಯಾಶ್‌ಲೆಸ್ ಸೌಲಭ್ಯ (ವಿಮಾ ಕಂಪನಿಯೇ ನೇರವಾಗಿ ವರ್ಕ್‌ಶಾಪಿಗೆ ಹಣ ಕೊಡುವುದು) ಸಿಗುವುದಿಲ್ಲ, ಆ ಕಂಪನಿಯೊಂದಿಗಿನ ಒಪ್ಪಂದ ಮುಗಿದಿದೆ, ಪೂರ್ತಿ ಬಿಲ್ಲು ಕಟ್ಟಿ ಗಾಡಿ ತೆಗೆದುಕೊಂಡು ಹೋಗಿ, ಆಮೇಲೆ ಕಂಪನಿಯವರು ನಿಮ್ಮ ಖಾತೆಗೆ ಹಾಕುತ್ತಾರೆ ಎಂದರು. ಬಿಲ್ಲು 1,38,600 ರೂಪಾಯಿ. ಆ ವರ್ಷದ ತೊಗರಿ ಮಾರಿ ಮಗಳ ಕಾಲೇಜಿನ ಶುಲ್ಕಕ್ಕೆಂದು ತೆಗೆದಿಟ್ಟಿದ್ದ ಹಣವನ್ನು ತಂದು ಕಟ್ಟಿದೆ. ಗಾಡಿಯನ್ನು ವರ್ಕ್‌ಶಾಪಿಗೆ ಒಪ್ಪಿಸುವ ದಿನವೇ ಕ್ಯಾಶ್‌ಲೆಸ್ ಉಂಟೋ ಇಲ್ಲವೋ ಎಂದು ವಿಮಾ ಕಂಪನಿಯಿಂದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಬೇಕಿತ್ತು. ವರ್ಕ್‌ಶಾಪಿನವರ ಮಾತನ್ನು ನಂಬಿದ್ದು ನನ್ನ ಮೊದಲ ತಪ್ಪು.

ಎರಡನೆಯ ತಪ್ಪು ಇನ್ನೂ ದೊಡ್ಡದು. ರಿಪೇರಿ ಮುಗಿದ ಮೇಲೆ ಸರ್ವೇಯರ್ ಇನ್ನೊಮ್ಮೆ ಬಂದು, ಹೊಸ ಭಾಗಗಳನ್ನು ಹಾಕಿದ್ದಾರೆಯೇ ಎಂದು ನೋಡಿ, ಬಿಚ್ಚಿದ ಹಳೆಯ ಭಾಗಗಳನ್ನೂ ಪರಿಶೀಲಿಸುವ ಕ್ರಮವಿದೆ. ಇದಕ್ಕೆ ರೀ-ಇನ್ಸ್‌ಪೆಕ್ಷನ್ ಎನ್ನುತ್ತಾರೆ. ಈ ವಿಷಯವನ್ನು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಗಾಡಿಯನ್ನು ಮನೆಗೆ ತಂದೆ. ಮಾರ್ಚ್ ಮಧ್ಯದಲ್ಲಿ ಹಣ ಏಕೆ ಬಂದಿಲ್ಲವೆಂದು ವಿಚಾರಿಸಿದಾಗ, ಮರುಪರಿಶೀಲನೆ ಬಾಕಿಯಿದೆ, ಹಳೆಯ ಬಂಪರ್ ಮತ್ತು ಹೆಡ್‌ಲೈಟ್ ತೋರಿಸಿ ಎಂದರು. ವರ್ಕ್‌ಶಾಪಿಗೆ ಓಡಿದೆ. ಅವು ಆಗಲೇ ಗುಜರಿಗೆ ಹೋಗಿದ್ದವು. ಕೊನೆಗೆ ಹೊಸ ಭಾಗಗಳ ಖರೀದಿ ಬಿಲ್ಲುಗಳನ್ನು ವರ್ಕ್‌ಶಾಪಿನಿಂದ ತರಿಸಿ, ಗಾಡಿಯನ್ನೇ ಸರ್ವೇಯರ್ ಮುಂದೆ ನಿಲ್ಲಿಸಿ ಒಪ್ಪಿಸುವಷ್ಟರಲ್ಲಿ ಏಪ್ರಿಲ್ ಅರ್ಧ ಕಳೆದಿತ್ತು. ನೀವು ದಯವಿಟ್ಟು ಮರುಪರಿಶೀಲನೆ ಆಗುವವರೆಗೆ ಗಾಡಿಯನ್ನು ಹೊರಗೆ ತರಬೇಡಿ, ಹಳೆಯ ಭಾಗಗಳನ್ನು ಬಿಡಬೇಡಿ, ಅವುಗಳ ಫೋಟೋವನ್ನೂ ನೀವೇ ತೆಗೆದಿಟ್ಟುಕೊಳ್ಳಿ.

ಆ ಮೇಲೆ ಹೆಸರಿನ ತಕರಾರು ಬಂತು. ನಮ್ಮ ಭಾಗದಲ್ಲಿ ಹೆಸರುಗಳು ಒಂದು ಕಾಗದದಲ್ಲಿ ಇದ್ದಂತೆ ಇನ್ನೊಂದರಲ್ಲಿ ಇರುವುದಿಲ್ಲ. ಆರ್‌ಸಿಯಲ್ಲಿ ಇನಿಷಿಯಲ್, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು, ಹಳೆಯ ದಾಖಲೆಗಳಲ್ಲಿ ತಮ್ಮ ಹೆಸರಿನ ಮುಂದೆ ‘ತಂದೆ’ ಎಂದು ಬರೆದು ಅಪ್ಪನ ಹೆಸರು. ಕ್ಯಾನ್ಸಲ್ ಮಾಡಿದ ಚೆಕ್ಕಿನಲ್ಲಿರುವ ಹೆಸರು ಪಾಲಿಸಿಗೆ ಹೊಂದುವುದಿಲ್ಲವೆಂದು ಅಫಿಡವಿಟ್ ಕೇಳಿದರು, ಮಾಡಿಸಿಕೊಟ್ಟೆ. ಎಲ್ಲ ದಾಖಲೆಗಳನ್ನೂ ಒಂದೇ ಸಲ ಕೇಳಿದ್ದರೆ ಒಂದೇ ದಿನದಲ್ಲಿ ಕೊಡುತ್ತಿದ್ದೆ. ಒಂದನ್ನು ಕೊಟ್ಟ ಹತ್ತು ದಿನಕ್ಕೆ ಮತ್ತೊಂದನ್ನು ಕೇಳುವ ಈ ರೀತಿ ನನಗೆ ಅತ್ಯಂತ ನೋವು ತಂದ ಸಂಗತಿ. ಫೋನ್ ಮಾಡಿದಾಗಲೆಲ್ಲ “ಆಗ್ತದ ತಗೋರಿ ಸರ್, ಎರಡು ದಿನದಾಗ ಖಾತೆಗೆ ಬರ್ತದ” ಎಂಬ ಉತ್ತರ. ಮೇ ತಿಂಗಳೂ ಹಾಗೆಯೇ ಹೋಯಿತು.

ಜೂನ್ ಆರಂಭದಲ್ಲಿ ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ಅಣ್ಣ, ವಕೀಲರು, ನನ್ನ ಕಾಗದಗಳನ್ನೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು: “ಇವನ್ನು ಕೊಟ್ಟದ್ದಕ್ಕೆ ಸ್ವೀಕೃತಿ ಎಲ್ಲದ ಸರ್?” ನನ್ನಲ್ಲಿ ಇರಲಿಲ್ಲ. ಕೆಲವನ್ನು ಕಚೇರಿಯಲ್ಲಿ ಕೈಯಲ್ಲೇ ಕೊಟ್ಟಿದ್ದೆ, ಕೆಲವನ್ನು ವರ್ಕ್‌ಶಾಪಿನ ಹುಡುಗನ ವಾಟ್ಸಾಪಿಗೆ ಕಳಿಸಿದ್ದೆ.

ಅವರಿಂದ ತಿಳಿದ ನಿಯಮಗಳನ್ನು ಇಲ್ಲಿ ಬರೆಯುತ್ತೇನೆ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಸರ್ವೇಯರ್ ನೇಮಕವಾದ 15 ದಿನಗಳಲ್ಲಿ ವರದಿ ಬರಬೇಕು, ವರದಿ ಬಂದ 7 ದಿನಗಳಲ್ಲಿ ಕಂಪನಿ ತನ್ನ ತೀರ್ಮಾನ ತಿಳಿಸಬೇಕು. ದಾಖಲೆ ಇಲ್ಲವೆಂಬ ಕಾರಣಕ್ಕೆ ಕ್ಲೇಮನ್ನು ತಿರಸ್ಕರಿಸುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ನಿಗದಿಪಡಿಸುವ ‘ಬ್ಯಾಂಕ್ ದರ’ಕ್ಕಿಂತ ಶೇಕಡಾ 2ರಷ್ಟು ಹೆಚ್ಚಿನ ಬಡ್ಡಿ ಸೇರಿಸಿ ಕೊಡಬೇಕು. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರಹದಲ್ಲಿ ದೂರು ಕೊಡಬೇಕು, ಅವರಿಗೆ 14 ದಿನಗಳ ಗಡುವಿದೆ. ಅಲ್ಲಿ ಆಗದಿದ್ದರೆ ಪ್ರಾಧಿಕಾರದ ‘ಬಿಮಾ ಭರೋಸಾ’ ಪೋರ್ಟಲ್ಲಿನಲ್ಲಿ ಅಥವಾ 155255 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು.

ನಾನು ಹಾಗೆಯೇ ಮಾಡಿದೆ. ಕೊಟ್ಟ ದಾಖಲೆಗಳ ಪಟ್ಟಿ ಮತ್ತು ಪ್ರತಿಗಳನ್ನು ಜೋಡಿಸಿ ರಿಜಿಸ್ಟರ್ ಅಂಚೆಯಲ್ಲೂ ಇಮೇಲಿನಲ್ಲೂ ಕಳಿಸಿದೆ. 14 ದಿನ ಕಳೆದರೂ ಉತ್ತರ ಬರಲಿಲ್ಲ. ಪೋರ್ಟಲ್ಲಿನಲ್ಲಿ ದೂರು ದಾಖಲಿಸಿದ ಮೇಲೆ ಮೊದಲ ಸಲ ಕಂಪನಿಯವರೇ ನನಗೆ ಕರೆ ಮಾಡಿದರು. ಜುಲೈ ಮೊದಲ ವಾರ 81,400 ರೂಪಾಯಿ ಖಾತೆಗೆ ಬಂತು.

ಕಡಿತದ ಬಗ್ಗೆ ನನಗೆ ತಕರಾರಿಲ್ಲ. ಗಾಡಿಗೆ ನಾಲ್ಕು ವರ್ಷ ದಾಟಿ ಐದನೆಯದು ನಡೆಯುತ್ತಿತ್ತು, ಭಾಗಗಳ ಸವಕಳಿಗೆಂದು ಹಣ ಕಡಿಯದಂತೆ ನೋಡಿಕೊಳ್ಳುವ ಜೀರೋ ಡೆಪ್ರಿಸಿಯೇಷನ್ ರಕ್ಷಣೆಯನ್ನು ಕಂತು ಹೆಚ್ಚಾಗುತ್ತದೆಂದು ನಾನೇ ಕೈಬಿಟ್ಟಿದ್ದೆ. ಹಾಗಿದ್ದಾಗ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಮಾತ್ರ, ಲೋಹದ ಭಾಗಗಳಿಗೆ ಆ ವಯಸ್ಸಿನಲ್ಲಿ ಶೇಕಡಾ 35 ಕಡಿತ. ಇದು ಪಾಲಿಸಿಯಲ್ಲೇ ಅಚ್ಚಾಗಿರುವ ಲೆಕ್ಕ. ಈಗಿನ ಬಂಪರುಗಳೆಲ್ಲ ಪ್ಲಾಸ್ಟಿಕ್ಕೇ ಎಂಬುದನ್ನು ನೆನಪಿಟ್ಟು ಪಾಲಿಸಿ ನವೀಕರಿಸಿ.

ತಕರಾರು ಇರುವುದು ಬಡ್ಡಿಯ ಬಗ್ಗೆ. ಬಡ್ಡಿ ಕೇಳಿ ಬರೆದ ಪತ್ರಕ್ಕೆ, ನಿಮ್ಮ ದಾಖಲೆಗಳು ಪೂರ್ಣವಾಗಿ ನಮಗೆ ತಲುಪಿದ್ದು ಜೂನ್ ತಿಂಗಳಲ್ಲಿ, ಆದ್ದರಿಂದ ನಮ್ಮ ಕಡೆಯಿಂದ ವಿಳಂಬವಾಗಿಲ್ಲ ಎಂದು ಉತ್ತರ ಬಂದಿದೆ. ಅವರ ಕಡತದಲ್ಲಿ ಇರುವುದು ನನ್ನ ರಿಜಿಸ್ಟರ್ ಅಂಚೆಯ ದಿನಾಂಕ ಮಾತ್ರ. ಮಾರ್ಚ್‌ನಿಂದ ನಾನು ಕೌಂಟರಿನಲ್ಲಿ ಇಟ್ಟು ಬಂದ ಕಾಗದಗಳಿಗೆ ಮೊಹರೂ ಇಲ್ಲ, ಸಹಿಯೂ ಇಲ್ಲ. ಆ ದಿನಗಳಲ್ಲಿ ಪ್ರತಿ ಸಲವೂ ಇನ್ನೊಂದು ಪ್ರತಿಯ ಮೇಲೆ ‘ತಲುಪಿದೆ’ ಎಂದು ಬರೆಸಿಕೊಂಡಿದ್ದರೆ ಅಥವಾ ಮನೆಗೆ ಬಂದು ಒಂದು ಇಮೇಲ್ ಹಾಕಿದ್ದರೆ ಅವರು ಹಾಗೆ ಬರೆಯಲು ಸಾಧ್ಯವಿರಲಿಲ್ಲ.

ವಿಮಾ ಕಂಪನಿಗಳ ಮೇಲಿನ ದೂರುಗಳನ್ನು ವಿಚಾರಿಸಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಈಗ ಅರ್ಜಿ ಸಿದ್ಧಪಡಿಸಿದ್ದೇನೆ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಸಲ್ಲಿಸಬಹುದು, ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಸಾಕ್ಷಿಯಾಗಿ ಜೋಡಿಸಲು ನನ್ನಲ್ಲಿ ಇರುವುದು ಅಫಿಡವಿಟ್ಟಿನ ಮೇಲಿನ ಏಪ್ರಿಲ್ ತಿಂಗಳ ನೋಟರಿ ಮೊಹರು ಮತ್ತು ಫೋನಿನಲ್ಲಿ ಉಳಿದಿರುವ ಕರೆಗಳ ಪಟ್ಟಿ.