ಗೋವಾ ಪ್ಯಾಕೇಜ್: ಹೋಟೆಲಿಗೆ ನಾಲ್ಕು ಸ್ಟಾರ್, ನಮ್ಮೂರ ಟ್ರಾವೆಲ್ಸ್‌ಗೆ ಎರಡು

ಇದು ತುಂಬಾ ತಡವಾದ ರಿವ್ಯೂ. ಬುಕ್ ಮಾಡಿದ್ದು 2020ರ ಫೆಬ್ರವರಿಯಲ್ಲಿ, ಹೋಗಿದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ, ರೊಕ್ಕದ ಲೆಕ್ಕ ಮಾತ್ರ ಇನ್ನೂ ಮುಗಿದಿಲ್ಲ. ಟ್ರಾವೆಲ್ಸ್ ಕಲಬುರಗಿಯಲ್ಲಿ ಸೂಪರ್ ಮಾರ್ಕೆಟ್ ಕಡೆ ಇದೆ. ಹೆಸರು ಬರೆಯುವುದಿಲ್ಲ, ಮಾಲೀಕರು ವಾರಕ್ಕೆರಡು ಸಲ ಎದುರಿಗೆ ಸಿಗುತ್ತಾರೆ.

ಪ್ಯಾಕೇಜ್ ಹೀಗಿತ್ತು. ಯುಗಾದಿ ರಜೆಗೆ ಗೋವಾ, ಮೂರು ರಾತ್ರಿ, ಕಲಂಗುಟ್ ಹತ್ತಿರ ಹೋಟೆಲ್, ಹೋಗಿ ಬರಲು ಟೆಂಪೋ ಟ್ರಾವೆಲರ್. ನಮ್ಮ ಮನೆ ಮತ್ತು ಕಾಕಾನ ಮನೆ ಸೇರಿ ಹತ್ತು ಮಂದಿ. ಅಡ್ವಾನ್ಸ್ 22 ಸಾವಿರ. ರಸೀದಿ ಕೇಳಿದರೆ ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ ಬರೆದು ಕೊಟ್ಟರು. ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು, ಬಿಡಿ.

ಆಮೇಲೆ ಮಾರ್ಚ್ 10. ಸೌದಿಯಿಂದ ಬಂದಿದ್ದ ನಮ್ಮೂರಿನ 76 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಎರಡು ದಿನ ಬಿಟ್ಟು ಅದು ಕೊರೊನಾ ಅಂತ ಖಚಿತವಾಯಿತು, ಇಡೀ ದೇಶದ ಮೊದಲ ಕೊರೊನಾ ಸಾವು. ಅಲ್ಲಿಂದ ಮುಂದೆ ಕಲಬುರಗಿ ಅಂದರೆ ಸಾಕು, ಮಂದಿ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ಆ ವಾರವೇ ಗೋವಾದ ಹೋಟೆಲಿನಿಂದ ಫೋನ್ ಬಂತು. ನೀವು ಕಲಬುರಗಿಯವರಲ್ವಾ, ಈಗ ಬರುವುದು ಬೇಡ, ದಯವಿಟ್ಟು ತಪ್ಪು ತಿಳಿಯಬೇಡಿ ಅಂದರು. ತಪ್ಪು ತಿಳಿದೆ. ಫೋನಿನಲ್ಲೇ ಕೂಗಾಡಿದೆ. ಆದರೆ ಅವರು ಮಾತಿನವರು, ತಮ್ಮ ಪಾಲಿನ 12 ಸಾವಿರವನ್ನು ಟ್ರಾವೆಲ್ಸ್‌ಗೆ ವಾಪಸ್ ಹಾಕಿ ಸ್ಕ್ರೀನ್‌ಶಾಟನ್ನು ನನಗೂ ಕಳಿಸಿದರು. ಹೋಟೆಲಿನ ಒಂದು ಸ್ಟಾರ್ ಇದಕ್ಕೇ.

ಟ್ರಾವೆಲ್ಸ್ ಮಾಲೀಕರು ಹೇಳಿದ್ದು ಬೇರೆ. "ರೊಕ್ಕ ಎಲ್ಲಿಗೂ ಹೋಗಂಗಿಲ್ರೀ ಸರ, ಕ್ರೆಡಿಟ್ ಇಟ್ಟೀನಿ, ಯಾವಾಗರ ಹೋಗ್ರಿ." ವಿಮಾನದ ಟಿಕೆಟ್ ಆಗಿದ್ದರೆ ಕೈಯಲ್ಲಿ ಏನಾದರೂ ಇರುತ್ತಿತ್ತು, 2020ರ ಅಕ್ಟೋಬರ್ 1ಕ್ಕೆ ಸುಪ್ರೀಂ ಕೋರ್ಟು ಲಾಕ್‌ಡೌನ್‌ನಲ್ಲಿ ರದ್ದಾದ ವಿಮಾನ ಟಿಕೆಟ್‌ಗಳ ರಿಫಂಡ್ ಬಗ್ಗೆ ತೀರ್ಪು ಕೊಟ್ಟಿತ್ತು. ಟೆಂಪೋದಲ್ಲಿ ಹೋಗುವವರಿಗೆ ವಿಸಿಟಿಂಗ್ ಕಾರ್ಡಿನ ಹಿಂಬದಿಯೇ ಗತಿ.

ನಾವು ಗೋವಾದಲ್ಲಿ ಇರಬೇಕಾಗಿದ್ದ ಯುಗಾದಿ ದಿನ, ಮಾರ್ಚ್ 25ಕ್ಕೆ, ದೇಶಕ್ಕೆಲ್ಲ ಲಾಕ್‌ಡೌನ್ ಶುರುವಾಯಿತು. ಗೋವಾದ ಮೊದಲ ಮೂರು ಕೇಸ್ ಹೊರಬಿದ್ದಿದ್ದೂ ಅವತ್ತೇ, ಮೂವರೂ ಹೊರದೇಶದಿಂದ ಬಂದವರು. ರಾಜ್ಯ ಬಾಗಿಲು ಹಾಕಿಕೊಂಡಿತು. ಏಳು ಕೇಸ್ ಆದವು, ಏಳೂ ಮಂದಿ ಗುಣವಾದರು, ಏಪ್ರಿಲ್ 19ಕ್ಕೆ ಗೋವಾದಲ್ಲಿ ಕೊರೊನಾ ಸೊನ್ನೆ ಅಂತ ಮುಖ್ಯಮಂತ್ರಿ ಪ್ರಮೋದ್ ಸಾವಂತ್ ಹೇಳಿದರು. ಇಲ್ಲಿ ಮನೆಯಲ್ಲಿ ಕೂತು ಟಿವಿ ನೋಡುತ್ತಿದ್ದ ನಮಗೆ ಹೊಟ್ಟೆಕಿಚ್ಚು.

ಆದರೆ ಸೊನ್ನೆ ಹೊಟ್ಟೆ ತುಂಬಿಸುವುದಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ಲೀಸ್ ರದ್ದು ಮಾಡಿದ ಮೇಲೆ ಅಲ್ಲಿ ಕಬ್ಬಿಣದ ಅದಿರಿನ ಗಣಿ ನಿಂತಿತ್ತು, ಉಳಿದಿದ್ದು ಟೂರಿಸ್ಟ್‌ಗಳೇ. 15 ಲಕ್ಷ ಜನರ ಪುಟ್ಟ ರಾಜ್ಯಕ್ಕೆ 2019ರಲ್ಲಿ ಹೋದವರು ಸುಮಾರು 80 ಲಕ್ಷ. ಹಾಗಾಗಿ ಜುಲೈ 2ಕ್ಕೆ ಬಾಗಿಲು ಅರ್ಧ ತೆರೆದರು. ಒಪ್ಪಿಗೆ ಸಿಕ್ಕ ಸುಮಾರು 250 ಹೋಟೆಲುಗಳಲ್ಲಿ ಮೊದಲೇ ಬುಕಿಂಗ್ ಇರಬೇಕು, 48 ಗಂಟೆಯೊಳಗಿನ ನೆಗೆಟಿವ್ ಸರ್ಟಿಫಿಕೇಟ್ ಬೇಕು, ಇಲ್ಲದಿದ್ದರೆ ಅಲ್ಲೇ ಟೆಸ್ಟ್. ಇದು ನನಗೆ ಸರಿ ಅನಿಸಿದ ನಿಯಮ. ಬರಬೇಡಿ ಅನ್ನಲಿಲ್ಲ, ಬನ್ನಿ ಆದರೆ ತೋರಿಸಿ ಅಂದರು. ಸೆಪ್ಟೆಂಬರ್ 1ಕ್ಕೆ ಆ ಬಾಗಿಲನ್ನೇ ಕಿತ್ತಿಟ್ಟರು. ಸರ್ಟಿಫಿಕೇಟೂ ಬೇಡ, ಟೆಸ್ಟೂ ಬೇಡ. ಅದೇ ತಿಂಗಳು ಅಲ್ಲಿ ಕೇಸ್ ಏರುತ್ತಿದ್ದವು.

ನಾವು ಹೋಗಿದ್ದು ಬಾಗಿಲು ಕಿತ್ತ ಮೇಲೆ. ರಾತ್ರಿ ಹೊರಟು ಜೇವರ್ಗಿ, ಸಿಂದಗಿ, ವಿಜಯಪುರ, ಬೆಳಗಾವಿ, ಆಮೇಲೆ ಚೋರ್ಲಾ ಘಾಟ್. ಗಾಡಿ ಚೆನ್ನಾಗಿತ್ತು. ಡ್ರೈವರ್ ಅಣ್ಣ ಇನ್ನೂ ಚೆನ್ನಾಗಿದ್ದರು, ಘಾಟಿನ ತಿರುವಿನಲ್ಲಿ ನಮ್ಮ ಅವ್ವನಿಗೆ ವಾಂತಿ ಬಂದಾಗೆಲ್ಲ ಬೇಸರ ಮಾಡಿಕೊಳ್ಳದೆ ನಿಲ್ಲಿಸಿದರು. ಗೋವಾ ಗಡಿಯ ಕೇರಿ ಚೆಕ್‌ಪೋಸ್ಟ್ ಬರುವ ಹೊತ್ತಿಗೆ ಹತ್ತೂ ಮಂದಿ ಮಾಸ್ಕ್ ಹಾಕಿಕೊಂಡು, ಆಧಾರ್ ಕಾರ್ಡ್ ಕೈಯಲ್ಲಿ ಹಿಡಿದು ಪರೀಕ್ಷೆಗೆ ಕೂತ ಮಕ್ಕಳ ಹಾಗೆ ಕೂತೆವು. ಯಾರೂ ಏನೂ ಕೇಳಲಿಲ್ಲ. ಗಾಡಿ ನಿಲ್ಲಿಸಲೂ ಇಲ್ಲ. ಮಾರ್ಚ್‌ನಲ್ಲಿ ಕಲಬುರಗಿಯವರು ಬೇಡ ಅಂದಾಗ ಅಷ್ಟು ಸಿಟ್ಟು ಮಾಡಿದ ನನಗೆ, ಅವತ್ತು ಒಬ್ಬರೂ ಎಲ್ಲಿಯವರು ಅಂತ ಕೇಳದಿದ್ದಾಗ ಭಯವಾಯಿತು. ಅವ್ವ ಮಾತ್ರ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಗಂಟು ಗಟ್ಟಿಯಾಗಿ ಹಿಡಿದು ಕೂತಿದ್ದಳು, ಅದನ್ನು ಕಿತ್ತುಕೊಳ್ಳುತ್ತಾರೆ ಅನ್ನೋದೇ ಅವಳ ಚಿಂತೆ.

ಹೋಟೆಲಿನಲ್ಲಿ ಕೇಳಿದರು. ಬಾಗಿಲಲ್ಲೇ ಹಣೆಗೆ ಥರ್ಮಲ್ ಗನ್, ಕೈಗೆ ಸ್ಯಾನಿಟೈಜರ್, ಬ್ಯಾಗಿಗೂ ಸ್ಪ್ರೇ. ರೂಮು ಸ್ವಚ್ಛ, ಬಿಸಿನೀರು ಬೆಳಿಗ್ಗೆ ಮಾತ್ರ, ತಿಂಡಿ ಸುಮಾರು, ಚಹಾ ಬರೀ ಸಕ್ಕರೆ ನೀರು. ಒಂದು ಸ್ಟಾರ್ ಕಡಿಮೆಯಾಗಿದ್ದು ಆ ಚಹಾಕ್ಕೆ.

ರೂಮ್ ಬಾಯ್ ನಮ್ಮ ಮಾತು ಕೇಳಿ "ಎಲ್ಲಿಯವ್ರೀ?" ಅಂದ. ನೋಡಿದರೆ ಯಾದಗಿರಿ ಜಿಲ್ಲೆಯ ಸುರಪುರ ಕಡೆಯ ಹುಡುಗ. ಅವ್ವ ಅವನಿಗೂ ನಾಲ್ಕು ರೊಟ್ಟಿ ಕೊಟ್ಟಳು. ಲಾಕ್‌ಡೌನ್ ಶುರುವಿನಲ್ಲಿ ಗೋವಾದಲ್ಲಿ ಕಿರಾಣಿ ಅಂಗಡಿಯನ್ನೂ ಮುಚ್ಚಿಸಿದ್ದರು, ಅಲ್ಲಿಗೆ ತರಕಾರಿ ಬರುವುದೇ ಬೆಳಗಾವಿಯಿಂದ, ಅದೂ ನಿಂತಿತ್ತು. ನಾಲ್ಕು ದಿನ ಬಿಸ್ಕತ್ತಿನ ಮೇಲೆ ಇದ್ದೆವು ಅಂದ. ಹೋಟೆಲ್ ಮುಚ್ಚಿತು, ಅರ್ಧ ಪಗಾರ ಕೊಟ್ಟು ಊರಿಗೆ ಹೋಗು ಅಂದರು, ಹೋಗಲು ಬಸ್ಸಿಲ್ಲ. ಟಿವಿಯಲ್ಲಿ ಗೋವಾ ಸೊನ್ನೆ ಅಂದ ದಿನ ಅವನು ವಾಸ್ಕೋದಲ್ಲಿ ಏಳು ಮಂದಿಯ ಜೊತೆ ಒಂದೇ ಖೋಲಿಯಲ್ಲಿದ್ದನಂತೆ. ಜೂನ್‌ನಲ್ಲಿ ಅದೇ ವಾಸ್ಕೋದ ಮಾಂಗೋರ್ ಹಿಲ್‌ನಲ್ಲಿ ಕೊರೊನಾ ಹಬ್ಬಿತು. ನಾನು ಸೆಪ್ಟೆಂಬರ್‌ನಲ್ಲಿ ಎಲ್ಲ ತೆರೆದಿದ್ದು ತಪ್ಪಲ್ವಾ ಅಂದೆ. ಅವನು ದಿಂಬಿನ ಕವರ್ ಹಾಕುತ್ತಲೇ, "ತಪ್ಪೋ ಏನೋ ಗೊತ್ತಿಲ್ರೀ ಅಣ್ಣ, ಅವತ್ತಿಂದ ಪೂರಾ ಪಗಾರ ಶುರುವಾತು" ಅಂದ. ನನ್ನ ಹತ್ತಿರ ಉತ್ತರವಿರಲಿಲ್ಲ.

ಬೀಚಿನ ಬಗ್ಗೆ ಏನು ಬರೆಯುವುದು. ಬಾಗಾದಲ್ಲಿ ಸಂಜೆ ನಮ್ಮ ಶರಣಬಸವೇಶ್ವರ ಜಾತ್ರೆಯಷ್ಟು ಮಂದಿ, ಮಾಸ್ಕ್ ಎಲ್ಲರದ್ದೂ ಗದ್ದದ ಮೇಲೆ. ಪಣಜಿಯಲ್ಲಿ ಕ್ಯಾಸಿನೋ ದೀಪ ಉರಿಯುತ್ತಿದ್ದವು. ಹೊಸ ವರ್ಷಕ್ಕೂ ರಾತ್ರಿ ಕರ್ಫ್ಯೂ ಹಾಕಲಿಲ್ಲ. ನಾವು ಎರಡನೇ ದಿನದಿಂದ ದಕ್ಷಿಣ ಗೋವಾದ ಕಡೆ ಹೋದೆವು, ಪ್ಯಾಕೇಜಿನಲ್ಲಿ ಇಲ್ಲದಿದ್ದರೂ ಡ್ರೈವರ್ ಅಣ್ಣ ಬರೀ ಡೀಸೆಲ್ ದುಡ್ಡಿಗೆ ಕರೆದುಕೊಂಡು ಹೋದರು.

ಇಲ್ಲಿಗೇ ನಿಂತಿದ್ದರೆ ಟ್ರಾವೆಲ್ಸ್‌ಗೂ ಮೂರು ಸ್ಟಾರ್ ಕೊಡುತ್ತಿದ್ದೆ. 2021ರ ಮೇ ಮೊದಲ ವಾರ ಮಾಲೀಕರಿಂದ ವಾಟ್ಸಾಪ್ ಬಂತು: ಸಮ್ಮರ್ ಆಫರ್, ಗೋವಾ ಖಾಲಿ ಇದೆ, ನಿಮ್ಮ ಕ್ರೆಡಿಟ್ ಬಳಸಿಕೊಳ್ಳಿ, ಜೊತೆಗೊಂದು ತೆಂಗಿನಮರದ ಚಿತ್ರ. ಆ ಹೊತ್ತಿಗೆ ಗೋವಾದಲ್ಲಿ ಟೆಸ್ಟ್ ಮಾಡಿಸಿದ ಇಬ್ಬರಲ್ಲಿ ಒಬ್ಬರಿಗೆ ಪಾಸಿಟಿವ್. ಮೇ 11ರ ಒಂದೇ ಬೆಳಗಿನ ಜಾವ ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನಲ್ಲಿ 26 ಮಂದಿ ಸತ್ತರು, ಆಕ್ಸಿಜನ್ ಸರಿಯಾಗಿ ಸಿಗುತ್ತಿಲ್ಲ ಅಂತ ಮಂದಿ ಹೈಕೋರ್ಟಿಗೆ ಹೋಗಿದ್ದರು. ಹೊರಗಿನಿಂದ ಬರುವವರಿಗೆ ಮತ್ತೆ ನೆಗೆಟಿವ್ ಸರ್ಟಿಫಿಕೇಟ್ ಬೇಕು ಅನ್ನಲು ಕೂಡ ಹೈಕೋರ್ಟೇ ಬರಬೇಕಾಯಿತು. ಹಿಂದಿನ ವರ್ಷ ಜುಲೈನಲ್ಲಿ ಸರ್ಕಾರವೇ ಮಾಡಿದ್ದ ನಿಯಮ ಅದು! ನಾನು ಮಾಲೀಕರಿಗೆ ಫೋನ್ ಮಾಡಿ ಇದೇನ್ರೀ ಅಂದೆ. "ನಮಗೂ ಹೊಟ್ಟಿ ಐತಲ್ರೀ ಸರ" ಅಂದರು. ಸುರಪುರದ ಹುಡುಗ ಅದೇ ಮಾತು ಹೇಳಿದಾಗ ಸುಮ್ಮನಾಗಿದ್ದೆ. ಇವರಿಗೆ ಮಾತ್ರ ನನ್ನ 6,500 ರೂಪಾಯಿ ವಾಪಸ್ ಕೊಡಿ ಅಂದೆ. ಕ್ರೆಡಿಟ್‌ನಲ್ಲಿ ಅಷ್ಟು ಉಳಿದಿದೆ, ಡಿಸೆಂಬರ್ ಟ್ರಿಪ್ಪಿಗೆ ಹೋಟೆಲ್ ದುಡ್ಡು ನಾನೇ ನೇರವಾಗಿ ಕಟ್ಟಿದ್ದರಿಂದ. ಇನ್ನೂ ಬಂದಿಲ್ಲ.

ಇಲ್ಲಿ ಬುಕ್ ಮಾಡುವುದೇ ಆದರೆ ಗಾಡಿ ಮಾತ್ರ ತಗೊಳ್ಳಿ, ಹೋಟೆಲಿಗೆ ನೀವೇ ಫೋನ್ ಮಾಡಿ, ರದ್ದಾದರೆ ಎಷ್ಟು ವಾಪಸ್ ಅನ್ನೋದನ್ನು ಅಡ್ವಾನ್ಸ್ ಕೊಡುವ ಮುಂಚೆ ಲೆಟರ್‌ಹೆಡ್ ಮೇಲೆ ಬರೆಸಿಕೊಳ್ಳಿ. ಆ ಡ್ರೈವರ್ ಅಣ್ಣ ಈಗ ಅಲ್ಲಿಲ್ಲ. ಸಾಲ ಮಾಡಿ ಸ್ವಂತ ಗಾಡಿ ತೆಗೆದುಕೊಂಡಿದ್ದಾರೆ, ಸ್ಟೇಷನ್ ರೋಡಿನಲ್ಲಿ ನಿಲ್ಲಿಸುತ್ತಾರೆ. ರಸೀದಿ ಪುಸ್ತಕವನ್ನೂ ಪ್ರಿಂಟ್ ಹಾಕಿಸಿದ್ದಾರೆ, ಮೊನ್ನೆ ನನಗೆ ತೋರಿಸಿದರು.