ಲಂಡನ್‌ನಿಂದ ಜೊಹಾನ್ಸ್‌ಬರ್ಗ್‌ಗೆ ಹನ್ನೊಂದು ಗಂಟೆ: ನಡುವಿನ ಸೀಟಿನ ಕಥೆ

ಬೋಟ್ಸ್‌ವಾನಾದ ಒಕವಾಂಗೊ ಮುಖಜಭೂಮಿಯನ್ನು ನೋಡಬೇಕೆಂಬ ಬಹುಕಾಲದ ಆಸೆಯನ್ನು ಈ ಅಕ್ಟೋಬರ್‌ನಲ್ಲಿ ತೀರಿಸಿಕೊಳ್ಳಲು ಹೊರಟ ನಾವು ಗಂಡ ಹೆಂಡತಿ, ಮೊದಲ ಹಂತವಾಗಿ ಲಂಡನ್ನಿನ ಹೀಥ್ರೂ ನಿಲ್ದಾಣದಿಂದ ಜೊಹಾನ್ಸ್‌ಬರ್ಗ್‌ಗೆ ಹೋಗುವ ರಾತ್ರಿ ವಿಮಾನವನ್ನು ಹತ್ತಿದೆವು. ದೂರ ಸುಮಾರು 9,000 ಕಿಲೋಮೀಟರ್, ವಿಮಾನ ಏರ್‌ಬಸ್ ಎ350, ದರ್ಜೆ ಎಕಾನಮಿ. ಸಂಸ್ಥೆಯ ಹೆಸರು ಬೇಡ. ವಿಮಾನ ಮತ್ತು ಮಾರ್ಗದ ಬಗ್ಗೆ ಹೇಳಬೇಕಾದದ್ದೇ ಹೆಚ್ಚಿದೆ.

ಈ ವಿಮಾನದ ಎಕಾನಮಿಯಲ್ಲಿ ಸೀಟುಗಳು ಮೂರು, ಮೂರು, ಮೂರರಂತೆ ಇರುತ್ತವೆ. ಇಬ್ಬರೇ ಹೋಗುವವರಿಗೆ ಇದು ಅನುಕೂಲದ ಜೋಡಣೆಯಲ್ಲ. ಎ330ರಲ್ಲಿರುವಂತೆ ಕಿಟಕಿಯ ಬದಿಗೆ ಎರಡೇ ಸೀಟುಗಳ ಸಾಲು ಸಿಕ್ಕಿದ್ದರೆ ಈ ವಿಮರ್ಶೆಯ ಅರ್ಧ ಭಾಗವನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಹೆಚ್ಚುವರಿ ಹಣ ತೆತ್ತು ಕಿಟಕಿಯ ಸೀಟನ್ನು ಯಜಮಾನರಿಗೂ ಓಡಾಡುವ ದಾರಿಯ ಪಕ್ಕದ ಸೀಟನ್ನು ನನಗೂ ಕಾದಿರಿಸಿ, ನಡುವಿನದನ್ನು ಯಾರೂ ಕೇಳಲಾರರೆಂಬ ಹಳೆಯ ಉಪಾಯವನ್ನು ನಂಬಿ ಕುಳಿತೆವು. ಬಾಗಿಲು ಮುಚ್ಚುವ ಹೊತ್ತಿಗೆ ಆರಡಿ ಎತ್ತರದ ಮಹಾಶಯರೊಬ್ಬರು ಬೆವರೊರೆಸಿಕೊಳ್ಳುತ್ತ ಬಂದು ನಮ್ಮ ಸಾಲಿನ ಮುಂದೆ ನಿಂತರು. ಅವರನ್ನು ನಡುವೆ ಕೂರಿಸಿಕೊಂಡು ಹನ್ನೊಂದು ಗಂಟೆ ತಲೆಯ ಮೇಲಿಂದ ಮಾತಾಡುವುದು ಸಭ್ಯತೆಯಲ್ಲವೆಂದು ನಾನೇ ಸೀಟು ಬದಲಾಯಿಸಿಕೊಳ್ಳುವ ಮಾತೆತ್ತಿದೆ. ಅವರು ಕೂಡಲೇ ಕಿಟಕಿಯನ್ನು ಆರಿಸಿಕೊಂಡರು. ಯಜಮಾನರು ನನ್ನತ್ತ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಒಂದನ್ನು ತಿಳಿದಿರಬೇಕು. ಟಿಕೆಟ್ ಕಾದಿರಿಸುವಾಗ ಕಾಣುವ ‘ಹಿಂದೂ ಊಟ’ವೆಂಬ ಆಯ್ಕೆ ಸಸ್ಯಾಹಾರವಲ್ಲ; ಅದರಲ್ಲಿ ದನದ ಮಾಂಸವಿರುವುದಿಲ್ಲವೆಂಬುದನ್ನು ಬಿಟ್ಟರೆ ಕೋಳಿಯೋ ಕುರಿಯೋ ಮೀನೋ ಬರಬಹುದು. ನಮಗೆ ಬೇಕಾದದ್ದು ಎವಿಎಂಎಲ್ ಎಂಬ ಸಂಕೇತದ ಏಷ್ಯನ್ ಸಸ್ಯಾಹಾರಿ ಊಟ. ಯಜಮಾನರ ಟಿಕೆಟ್ಟಿನಲ್ಲಿ ಇದನ್ನು ನಮೂದಿಸಿದ್ದೆ, ನನ್ನದರಲ್ಲಿ ಮರೆತಿದ್ದೆ. ವಿಶೇಷ ಊಟಗಳನ್ನು ಎಲ್ಲರಿಗಿಂತ ಮೊದಲು ಹಂಚುವುದರಿಂದ ಅವರ ಪಲ್ಯ ಮತ್ತು ಅನ್ನ ಮುಗಿದು, ಖಾಲಿ ಟ್ರೇ ಅವರ ಮೊಣಕಾಲುಗಳನ್ನು ಸೆರೆಹಿಡಿದು ಮುಕ್ಕಾಲು ಗಂಟೆ ಕಳೆದ ಮೇಲೆ ನನ್ನ ಪಾಸ್ತಾ ಬಂತು. ಅದು ಬಿಸಿಯಾಗಿತ್ತು, ಅಷ್ಟನ್ನು ಮಾತ್ರ ಹೇಳಬಲ್ಲೆ.

ನನ್ನ ಮುಖ್ಯ ದೂರು ಊಟದ ರುಚಿಯದ್ದಲ್ಲ, ಹೊತ್ತಿನದ್ದು. ಐವತ್ತು ನಿಮಿಷ ತಡವಾಗಿ, ಹತ್ತು ಗಂಟೆಗೆ ಇನ್ನೇನು ಹತ್ತು ನಿಮಿಷವಿರುವಾಗ ವಿಮಾನ ಮೇಲೇರಿತು. ಟ್ರೇಗಳನ್ನು ತೆಗೆದು ದೀಪ ಆರಿಸುವಾಗ ಲಂಡನ್ ಸಮಯ ಹನ್ನೆರಡೂವರೆಯಾಗಿತ್ತು. ಬೆಳಗಿನ ತಿಂಡಿಗೆಂದು ಮತ್ತೆ ಎಲ್ಲ ದೀಪಗಳನ್ನೂ ಹೊತ್ತಿಸಿದ್ದು ಇಳಿಯುವುದಕ್ಕೆ ಎರಡೂವರೆ ಗಂಟೆ ಮೊದಲು. ರಾತ್ರಿ ವಿಮಾನದಲ್ಲಿ ಪ್ರಯಾಣಿಕರು ಕೊಳ್ಳುವುದು ನಿದ್ದೆಯನ್ನೇ ಎಂಬುದು ಸಂಸ್ಥೆಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಹನ್ನೊಂದು ಗಂಟೆಗಳಲ್ಲಿ ಕತ್ತಲೆ ಸಿಕ್ಕಿದ್ದು ಐದೂಮುಕ್ಕಾಲು ಗಂಟೆ ಮಾತ್ರ.

ಆ ಕತ್ತಲೆಯ ನಡುವೆಯೂ ಒಮ್ಮೆ ಎದ್ದೆವು. ಸಹಾರಾ ಮರುಭೂಮಿಯನ್ನು ದಾಟಿ ಸಮಭಾಜಕವೃತ್ತ ಸಮೀಪಿಸಿದಾಗ, ಸುಮಾರು ನಾಲ್ಕು ಗಂಟೆಗೆ, ವಿಮಾನ ಕುಲುಕತೊಡಗಿ ಸೀಟ್ ಬೆಲ್ಟಿನ ದೀಪ ಹೊತ್ತಿತು. ಉತ್ತರ ಮತ್ತು ದಕ್ಷಿಣ ಗೋಳಾರ್ಧಗಳ ವಾಣಿಜ್ಯ ಮಾರುತಗಳು ಸಂಧಿಸುವ ಈ ಪಟ್ಟಿಯಲ್ಲಿ ತೇವಭರಿತ ಬಿಸಿಗಾಳಿ ಮೇಲೆದ್ದು ಕಟ್ಟುವ ಗುಡುಗುಮೋಡಗಳು 15 ಕಿಲೋಮೀಟರ್‌ಗೂ ಮೇಲೆ ಬೆಳೆಯಬಲ್ಲವು. 11-12 ಕಿಲೋಮೀಟರ್ ಎತ್ತರದಲ್ಲಿ ಹಾರುವ ವಿಮಾನ ಅವುಗಳನ್ನು ಬಳಸಿಕೊಂಡೇ ಹೋಗಬೇಕು. ಕುಲುಕಾಟ ನಿಂತ ಮೇಲೆ ಕಾಲು ಸಡಿಲಿಸಿಕೊಳ್ಳಲೆಂದು ಇಬ್ಬರೂ ಹಿಂಭಾಗಕ್ಕೆ ಹೋಗಿ, ಬಾಗಿಲಿನ ಅಂಗೈಯಗಲದ ಕಿಟಕಿಗೆ ಸರದಿಯಲ್ಲಿ ಹಣೆ ಹಚ್ಚಿ ನೋಡಿದೆವು. ದೂರದಲ್ಲಿ ಕಾಂಗೊ ಜಲಾನಯನದ ಮೇಲೆ ಮೋಡಗಳು ಒಳಗಿನಿಂದ ಹೊತ್ತಿಕೊಂಡು ಆರುತ್ತಿದ್ದವು, ಸದ್ದೇ ಇಲ್ಲದೆ. ಜಗತ್ತಿನಲ್ಲಿ ಅತಿ ಹೆಚ್ಚು ಮಿಂಚುವ ಪ್ರದೇಶಗಳಲ್ಲಿ ಇದೂ ಒಂದು. ನಮ್ಮ ಸಾಲಿನ ಕಿಟಕಿಯ ಪರದೆಯನ್ನು ಪೂರ್ತಿ ಕೆಳಗೆಳೆದು ಆ ಮಹಾಶಯರು ಸುಖವಾಗಿ ಗೊರಕೆ ಹೊಡೆಯುತ್ತಿದ್ದರು.

ವಿಮಾನವನ್ನು ಮಾತ್ರ ಮನಸಾರೆ ಹೊಗಳುತ್ತೇನೆ. ಹಳೆಯ ಲೋಹದ ವಿಮಾನಗಳ ಒಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟಕ್ಕೆ ಇಳಿಯಬಹುದು. ಎ350ರ ರಚನೆಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಸಂಯುಕ್ತ ವಸ್ತುಗಳದ್ದಾದುದರಿಂದ ಒಳಗಿನ ಒತ್ತಡವನ್ನು ಸುಮಾರು 6,000 ಅಡಿಗಳ ಮಟ್ಟದಲ್ಲೇ ಉಳಿಸಿಕೊಳ್ಳಲು ಸಾಧ್ಯ. ತುಕ್ಕಿನ ಭಯ ಕಡಿಮೆಯಾದ್ದರಿಂದ ತೇವಾಂಶವನ್ನೂ ತುಸು ಹೆಚ್ಚಿಡಬಹುದು. ಎಂದಿನಂತೆ ಗಂಟಲು ಒಣಗಲಿಲ್ಲ. ಇಳಿಯುವಾಗ ಕಿವಿಗಳು ಮುಚ್ಚಿಕೊಳ್ಳಲೂ ಇಲ್ಲ. ಜೊಹಾನ್ಸ್‌ಬರ್ಗ್‌ನ ಓ. ಆರ್. ಟ್ಯಾಂಬೊ ನಿಲ್ದಾಣವೇ 5,500 ಅಡಿಗಿಂತ ಎತ್ತರದಲ್ಲಿದೆ; ಇಳಿದೆವೆಂದರೂ ಕಿವಿಗಳ ಲೆಕ್ಕದಲ್ಲಿ ನಾವು ಇಳಿದದ್ದು ಕೆಲವೇ ನೂರು ಅಡಿ.

ಮಾರ್ಗದ ದೊಡ್ಡ ಉಪಕಾರ ಇನ್ನೊಂದಿದೆ. ಉತ್ತರದಿಂದ ದಕ್ಷಿಣಕ್ಕೆ ಹಾರುವ ಕಾರಣ ಗಡಿಯಾರ ಹೆಚ್ಚು ಕದಲುವುದಿಲ್ಲ: ಬ್ರಿಟನ್ನಿನ ಬೇಸಿಗೆ ಸಮಯಕ್ಕೂ ದಕ್ಷಿಣ ಆಫ್ರಿಕಾಕ್ಕೂ ಒಂದೇ ಗಂಟೆಯ ಅಂತರ, ಚಳಿಗಾಲದಲ್ಲಿ ಎರಡು. ಇಷ್ಟೇ ಹೊತ್ತು ಪೂರ್ವಕ್ಕೆ ಹಾರಿದ್ದರೆ ಮೂರು ದಿನ ನಡುರಾತ್ರಿ ಎಚ್ಚರವಾಗುತ್ತಿತ್ತು. ಇಲ್ಲಿ ಅಂದೇ ಸಂಜೆ ಹಸಿವೂ ನಿದ್ದೆಯೂ ಸರಿಯಾದ ಹೊತ್ತಿಗೆ ಬಂದವು.

ಮುಂದೆ ಕಾಡಿನ ವಸತಿಗಳಿಗೆ ಹೋಗುವವರಿಗೆ ಒಂದು ಎಚ್ಚರಿಕೆ. ಈ ವಿಮಾನ ತಲಾ 23 ಕಿಲೋ ಲಗೇಜನ್ನು ಒಯ್ಯಲು ಬಿಟ್ಟಿತು. ಆದರೆ ಮೌನ್ ಪಟ್ಟಣದಿಂದ ಒಕವಾಂಗೊಗೆ ಹಾರುವ ಪುಟ್ಟ ವಿಮಾನಗಳಲ್ಲಿ ಸಾಮಾನ್ಯವಾಗಿ ಕೈಚೀಲವೂ ಸೇರಿ 20 ಕಿಲೋ ಮಾತ್ರ, ಅದೂ ಗಾಲಿಯಿಲ್ಲದ ಮೆತ್ತನೆಯ ಚೀಲದಲ್ಲಿ. ನಮ್ಮ ಸಾಲಿನಲ್ಲಿ ಚೆಕ್-ಇನ್‌ಗೆ ನಿಂತಿದ್ದ ಗಟ್ಟಿ ಸೂಟ್‌ಕೇಸುಗಳಲ್ಲಿ ಎಷ್ಟು ಮೌನ್‌ನಲ್ಲೇ ಉಳಿದವೋ.

ವಿಮಾನಕ್ಕೆ ಐದರಲ್ಲಿ ನಾಲ್ಕೂವರೆ, ಸೇವೆಗೆ ಎರಡೂವರೆ. ಮರುಪ್ರಯಾಣಕ್ಕೂ ಇದೇ ವಿಮಾನವಿದೆ. ಈ ಬಾರಿ ಕಿಟಕಿಯ ಸೀಟನ್ನೂ ಅದರ ಪಕ್ಕದ ನಡುವಿನ ಸೀಟನ್ನೂ ಕಾದಿರಿಸಿದ್ದೇವೆ. ನಡುವಿನದು ನನ್ನದೆಂದು ಯಜಮಾನರು ಆಗಲೇ ತೀರ್ಮಾನಿಸಿದ್ದಾರೆ.