ನಡಿಗೆಯೋ, ಕುಣಿತವೋ?

ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಬೆಳವಣಿಗೆ ನಿಧಾನವಾಗಿಸುವ ಸ್ಥಿತಿ) ಇರುವ ನನ್ನ ತಮ್ಮನಿಗೆ ವ್ಯಾಯಾಮಕ್ಕೆಂದು ಎರಡನ್ನೂ ಮಾಡಿಸಿ ನೋಡಿದ್ದೇನೆ.

ವಿಜಯಪುರದಲ್ಲಿ ನಡಿಗೆಗೆ ಖರ್ಚಿಲ್ಲ. ಬೆಳಿಗ್ಗೆ ಬೇಗ ಗೋಳಗುಮ್ಮಟದ ಕಡೆ ಹೊರಟರೆ ಆಯಿತು. ಆದರೆ ಹತ್ತೇ ನಿಮಿಷಕ್ಕೆ ಕೂತುಬಿಡುತ್ತಾನೆ, ಏಪ್ರಿಲ್ ಬಿಸಿಲಲ್ಲಂತೂ ಹೊರಗೇ ಬರುವುದಿಲ್ಲ.

ಮನೆಯಲ್ಲಿ ಹಾಡು ಹಾಕಿದರೆ ಅದೇ ಹುಡುಗ ಅವ್ವನ ಕೈ ಹಿಡಿದು ಅರ್ಧ ಗಂಟೆ ಕುಣಿಯುತ್ತಾನೆ! ಅಂಗವಿಕಲ ವಯಸ್ಕರಿಗೂ ವಾರಕ್ಕೆ ಕನಿಷ್ಠ 150 ನಿಮಿಷ ಚಟುವಟಿಕೆ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ವಾರಕ್ಕೆ ಐದು ದಿನ ಕುಣಿದರೆ ಲೆಕ್ಕ ಸರಿಹೋಗುತ್ತದೆ, ಅಲ್ವಾ?

ಪಲ್ಟಿ ಮಾತ್ರ ಬೇಡ. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕತ್ತಿನ ಕೀಲು ಸಡಿಲ ಇರುತ್ತದೆ, ಮೊದಲು ಡಾಕ್ಟರಿಗೆ ತೋರಿಸಿ. ತೂಕ ಜಾಸ್ತಿಯಾಗುತ್ತಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿ.

ಊಟಕ್ಕೆ ಜೋಳದ ರೊಟ್ಟಿ, ಕಾಳುಪಲ್ಯ ಸಾಕು. ಕುಣಿದ ಖುಷಿಗೆ ಚಾಕೊಲೇಟ್ ಕೊಡಬೇಡಿ, ಚಪ್ಪಾಳೆ ಹೊಡೆಯಿರಿ. ನಾನಂತೂ ಕುಣಿತವನ್ನೇ ಆರಿಸಿದ್ದೇನೆ, ನಡಿಗೆ ಚಳಿಗಾಲಕ್ಕೆ.